ಹಡಗು ಹೊರಡುವ ಮೊದಲೇ ಬ್ರೋಕರ್‌ಗೆ ಫೋನ್ ಮಾಡಿ: ಕಲಬುರಗಿ, ಬೀದರ್, ಯಾದಗಿರಿಯ ಆಮದುದಾರರಿಗೆ ಕಸ್ಟಮ್ಸ್ ಕೈಪಿಡಿ

ಕಂಟೇನರ್ ಮುಂಬೈ ಬಳಿಯ ನವಾ ಶೇವಾ ಬಂದರಿನಲ್ಲಿ ಇಳಿದ ಮೇಲೆ ಕಸ್ಟಮ್ಸ್ ಬ್ರೋಕರ್‌ಗೆ ಫೋನ್ ಮಾಡಿ "ಮಾಲು ಬಂದದ, ಬಿಡಿಸಿ ಕೊಡ್ರಿ" ಅನ್ನುವುದು ನಮ್ಮ ಭಾಗದ ಆಮದುದಾರರು ಮಾಡುವ ಅತಿ ದುಬಾರಿ ತಪ್ಪು. ಅಷ್ಟೊತ್ತಿಗೆ ಬಿಲ್ ಆಫ್ ಲೇಡಿಂಗ್ (ಬಿಎಲ್), ಅಂದರೆ ಹಡಗು ಕಂಪನಿ ಕೊಡುವ ಸರಕಿನ ರಸೀದಿ, ಅಚ್ಚಾಗಿರುತ್ತದೆ, ಕಾಳಿಗೆ ಕೀಟ-ರೋಗವಿಲ್ಲ ಎನ್ನುವ ಸಸ್ಯಾರೋಗ್ಯ ಪ್ರಮಾಣಪತ್ರಕ್ಕೆ ಆ ದೇಶದ ಅಧಿಕಾರಿಯ ಸಹಿ ಬಿದ್ದಿರುತ್ತದೆ, ಬಂದರಿನ ಬಾಡಿಗೆ ಓಡತೊಡಗಿರುತ್ತದೆ. ಮೊದಲು ಪುಕ್ಕಟೆ ತಿದ್ದಬಹುದಾಗಿದ್ದ ಒಂದು ಸಾಲನ್ನು ಈಗ ತಿದ್ದಿಸಲು ಶುಲ್ಕ, ಅರ್ಜಿ, ದಿನಗಳು ಬೇಕು. ಒಳ್ಳೆಯ ಬ್ರೋಕರ್‌ನ ಕೆಲಸದ ಬಹುಪಾಲು ಸರಕು ಇನ್ನೂ ಪರದೇಶದ ಗೋದಾಮಿನಲ್ಲಿರುವಾಗಲೇ ಮುಗಿಯಬೇಕು. ಅದನ್ನು ಮಾಡಿಸಿಕೊಳ್ಳುವ ಕ್ರಮ ಇಲ್ಲಿದೆ.

ಬ್ರೋಕರ್ ಯಾರು, ಏನು ಕೇಳಬೇಕು

ಗಂಜ್ ಮಾರುಕಟ್ಟೆಯಲ್ಲಿ ಹಳಬರು ಇಂದಿಗೂ ಸಿಎಚ್‌ಎ (ಕಸ್ಟಮ್ ಹೌಸ್ ಏಜೆಂಟ್) ಅನ್ನುತ್ತಾರೆ. 2013ರ ನಿಯಮಾವಳಿಯಿಂದ ಹೆಸರು ಕಸ್ಟಮ್ಸ್ ಬ್ರೋಕರ್ ಆಯಿತು. ಈಗ ನಡೆಯುವುದು 2018ರ ಕಸ್ಟಮ್ಸ್ ಬ್ರೋಕರ್ಸ್ ಲೈಸೆನ್ಸಿಂಗ್ ನಿಯಮಗಳು, ಅದರ ಬೇರು 1962ರ ಕಸ್ಟಮ್ಸ್ ಕಾಯ್ದೆಯ 146ನೇ ಕಲಂ. ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದವರು ಮಾತ್ರ ನಿಮ್ಮ ಪರವಾಗಿ ಬಿಲ್ ಆಫ್ ಎಂಟ್ರಿ, ಅಂದರೆ ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ, ಸಲ್ಲಿಸಬಹುದು. ಅವರ ಕಚೇರಿಯಿಂದ ಕಾಗದಕ್ಕೆ ಸಹಿ ಹಾಕುವ ನೌಕರನ ಹತ್ತಿರ ಜಿ ಕಾರ್ಡ್ ಎಂಬ ಕಸ್ಟಮ್ಸ್ ಗುರುತಿನ ಚೀಟಿ ಇರಬೇಕು. ಹಡಗಿನಲ್ಲಿ ಜಾಗ ಹಿಡಿಸುವ ಫಾರ್ವರ್ಡರ್ ಬೇರೆ, ಬ್ರೋಕರ್ ಬೇರೆ. ಎರಡೂ ಕೆಲಸವನ್ನು ಒಂದೇ ಸಂಸ್ಥೆ ಮಾಡುವುದುಂಟು. ಆದರೆ ಬೇರೊಬ್ಬರ ಲೈಸೆನ್ಸನ್ನು ಬಾಡಿಗೆಗೆ ತಂದು ಫೈಲ್ ಮಾಡುವವರ ಹತ್ತಿರ ಹೋಗಬೇಡಿ. ಅದು ನಿಯಮಬಾಹಿರ, ಮತ್ತು ಮಾಲು ಸಿಕ್ಕಿಬಿದ್ದ ದಿನ ಉತ್ತರ ಕೊಡಲು ಯಾರೂ ಇರುವುದಿಲ್ಲ.

ಮೊದಲ ಭೇಟಿಯಲ್ಲಿ ಲೈಸೆನ್ಸ್ ಪ್ರತಿ ಕೇಳಿ, ಯಾವ ಯಾವ ಕಸ್ಟಮ್ಸ್ ಠಾಣೆಯಲ್ಲಿ ಕೆಲಸ ಮಾಡುತ್ತಾರೆಂದು ಕೇಳಿ, ನಿಮ್ಮದೇ ಬಗೆಯ ಸರಕನ್ನು ಮೊದಲು ಬಿಡಿಸಿದ್ದಾರೆಯೇ ಎಂದು ಕೇಳಿ. ಕಾಳು ಬಿಡಿಸುವವರಿಗೆ ಔಷಧ ರಾಸಾಯನಿಕದ ಕೆಲಸ ಬರಲೇಬೇಕೆಂದಿಲ್ಲ. ಬ್ರೋಕರ್ ಕೂಡ ನಿಮ್ಮ ಪ್ಯಾನ್, ಐಇಸಿ (ಆಮದು-ರಫ್ತುದಾರರ ಸಂಕೇತ ಸಂಖ್ಯೆ), ಜಿಎಸ್‌ಟಿ ನೋಂದಣಿ, ಬ್ಯಾಂಕ್ ಪತ್ರ, ವಿಳಾಸದ ಪುರಾವೆ ಕೇಳುತ್ತಾರೆ. ಕೊಟ್ಟ ವಿಳಾಸದಲ್ಲಿ ನೀವು ನಿಜವಾಗಿ ವ್ಯವಹಾರ ನಡೆಸುತ್ತೀರಾ ಎಂದು ಖಾತ್ರಿ ಮಾಡಿಕೊಳ್ಳುವುದು ಅವರ ಮೇಲೆ ನಿಯಮ ಹೊರಿಸಿದ ಕರ್ತವ್ಯ, ಬೇಸರ ಮಾಡಿಕೊಳ್ಳಬೇಡಿ. ಇಷ್ಟೂ ಕೇಳದೆ "ಆಯ್ತು, ಮಾಡೋಣ" ಅನ್ನುವ ಬ್ರೋಕರ್ ಮೇಲೆಯೇ ಅನುಮಾನ ಇರಲಿ. ನಿಮ್ಮ ಲೆಟರ್‌ಹೆಡ್‌ನಲ್ಲಿ ಅಧಿಕಾರ ಪತ್ರ ಬರೆದುಕೊಡಬೇಕು. ಅದರ ಅರ್ಥ ಇಷ್ಟೇ: ಬ್ರೋಕರ್ ನಿಮ್ಮ ಹೆಸರಿನಲ್ಲಿ ಹೇಳಿದ್ದೆಲ್ಲ ನೀವೇ ಹೇಳಿದಂತೆ. ತಪ್ಪು ಘೋಷಣೆಗೆ ನೋಟಿಸ್ ಬಂದರೆ ಅದು ಕಲಬುರಗಿಯ ಕಪನೂರಿನ ನಿಮ್ಮ ಮಿಲ್ಲಿಗೇ ಬರುತ್ತದೆ.

ಐಇಸಿ ಬಗ್ಗೆ ಒಂದು ಮಾತು. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ (ಡಿಜಿಎಫ್‌ಟಿ) ಕೊಡುವ ಈ ಹತ್ತು ಅಕ್ಷರಗಳ ಸಂಖ್ಯೆ ನಿಮ್ಮ ಪ್ಯಾನೇ ಆಗಿರುತ್ತದೆ. ಏನೂ ಬದಲಾಗದಿದ್ದರೂ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಪೋರ್ಟಲ್‌ನಲ್ಲಿ ದೃಢೀಕರಿಸಬೇಕು. ಮರೆತರೆ ಅದು ನಿಷ್ಕ್ರಿಯವಾಗುತ್ತದೆ, ಮತ್ತು ಅದು ಗೊತ್ತಾಗುವುದು ಬಿಲ್ ಆಫ್ ಎಂಟ್ರಿ ಹಾಕುವ ದಿನ.

ಆರ್ಡರ್ ಕೊಡುವ ಮೊದಲು

ಬ್ರೋಕರ್‌ಗೆ ಪ್ರೊಫಾರ್ಮಾ ಇನ್‌ವಾಯ್ಸ್ (ಮಾರುವವರು ಮೊದಲೇ ಕೊಡುವ ಬೆಲೆಪಟ್ಟಿ) ಕಳಿಸಿ ನಾಲ್ಕು ಪ್ರಶ್ನೆ ಹಾಕಿ: ಸರಕಿನ ವರ್ಗ ಹೇಳುವ ಎಂಟಂಕಿಯ ಸುಂಕ ಶೀರ್ಷಿಕೆ ಯಾವುದು, ಆಮದು ನೀತಿಯಲ್ಲಿ ಇದು ಮುಕ್ತವೋ ನಿರ್ಬಂಧಿತವೋ, ಇಂದಿನ ಸುಂಕ ಎಷ್ಟು, ಕಸ್ಟಮ್ಸ್ ಬಿಟ್ಟು ಬೇರೆ ಯಾವ ಇಲಾಖೆಯ ಒಪ್ಪಿಗೆ ಬೇಕು. ಉತ್ತರವನ್ನು ಬರಹದಲ್ಲಿ ಪಡೆಯಿರಿ.

ತೊಗರಿಯ ಶೀರ್ಷಿಕೆ 0713 60 00. ಇಡೀ ಕಾಳಾದರೂ ಒಡೆದ ಬೇಳೆಯಾದರೂ ಅದೇ. 2021ರ ಮೇ 15ರಿಂದ ತೊಗರಿ ಆಮದು ನಿರ್ಬಂಧಿತ ಪಟ್ಟಿಯಿಂದ ಮುಕ್ತ ಪಟ್ಟಿಗೆ ಬಂತು. ಅಂದಿನಿಂದ ಆ ಸವಲತ್ತನ್ನು ಅವಧಿ ಅವಧಿಗೆ ವಿಸ್ತರಿಸುತ್ತ ಬಂದಿದ್ದಾರೆ. "ಹೋದ ಸಲ ಸುಂಕ ಇರಲಿಲ್ಲ" ಎಂಬ ನೆನಪಿನ ಮೇಲೆ ಒಪ್ಪಂದ ಮಾಡಬೇಡಿ, ಅಧಿಸೂಚನೆಯ ಕೊನೆಯ ದಿನಾಂಕ ನೋಡಿ. ಹಳದಿ ಬಟಾಣಿ ಇದಕ್ಕೆ ಕಣ್ಣೆದುರಿನ ಪಾಠ. ಸುಂಕವಿಲ್ಲದೆ ಬರುತ್ತಿದ್ದ ಅದಕ್ಕೆ 2025ರ ನವೆಂಬರ್ 1ರಿಂದ ಮೂಲ ಸುಂಕ ಮತ್ತು ಕೃಷಿ ಸೆಸ್ ಸೇರಿ 30 ಪ್ರತಿಶತ ಬಿತ್ತು. ಅಕ್ಟೋಬರ್ 31ರೊಳಗಿನ ಬಿಲ್ ಆಫ್ ಲೇಡಿಂಗ್ ಇದ್ದ ಸರಕು ಮಾತ್ರ ಪಾರಾಯಿತು. ಬಿಎಲ್ ಮೇಲಿನ ಒಂದು ದಿನಾಂಕಕ್ಕೆ ಅಷ್ಟು ಬೆಲೆ. ಅಧಿಸೂಚನೆಯಲ್ಲಿ ಹಾಗೆ ಬರೆದಿಲ್ಲದಿದ್ದರೆ ಸಾಮಾನ್ಯ ನಿಯಮವೇ ಬೇರೆ: ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನ, ಹಡಗಿಗೆ ಒಳಬರುವ ಅನುಮತಿ ಸಿಕ್ಕ ದಿನ, ಎರಡರಲ್ಲಿ ಯಾವುದು ತಡವೋ ಅಂದಿನ ದರ.

ಕಾಳಿಗೆ ಕಸ್ಟಮ್ಸ್ ಜೊತೆ ಇನ್ನೆರಡು ಬಾಗಿಲು ದಾಟಬೇಕು. ಮೊದಲನೆಯದು ಸಸ್ಯ ಕ್ವಾರಂಟೈನ್, 2003ರ ಆದೇಶದ ಪ್ರಕಾರ. ಮಾರುವ ದೇಶದ ಅಧಿಕೃತ ಸಸ್ಯಾರೋಗ್ಯ ಪ್ರಮಾಣಪತ್ರ ಬೇಕು, ಅದರಲ್ಲಿ ಧೂಮೀಕರಣದ ವಿವರ, ಅಂದರೆ ಯಾವ ಔಷಧ, ಎಷ್ಟು ಪ್ರಮಾಣ, ಎಷ್ಟು ಗಂಟೆ, ಯಾವ ದಿನ, ತುಂಬಿರಬೇಕು. ಎರಡನೆಯದು ಆಹಾರ ಸುರಕ್ಷತಾ ಪ್ರಾಧಿಕಾರ, ಎಫ್‌ಎಸ್‌ಎಸ್‌ಎಐ. ಆಮದುದಾರನಿಗೆ ಕೇಂದ್ರ ಲೈಸೆನ್ಸ್ ಬೇಕು, ರಾಜ್ಯದ ಲೈಸೆನ್ಸ್ ಮೇಲೆ ನಡೆಯುವ ದಾಲ್ ಮಿಲ್ ಎಂಬ ಕಾರಣಕ್ಕೆ ಇದು ತಪ್ಪುವುದಿಲ್ಲ. ಅಧಿಕಾರಿ ಸರಕಿನಿಂದ ಎರಡು ಮಾದರಿ ತೆಗೆಯುತ್ತಾರೆ, ಒಂದು ಪ್ರಯೋಗಾಲಯಕ್ಕೆ ಹೋಗುತ್ತದೆ, ಇನ್ನೊಂದು ತಕರಾರು ಬಂದರೆ ಮರುಪರೀಕ್ಷೆಗೆ ಉಳಿಯುತ್ತದೆ. ಕಾಳು ಎಲ್ಲ ಬಂದರಿನಿಂದಲೂ ಒಳಬರುವಂತಿಲ್ಲ, ಕ್ವಾರಂಟೈನ್ ಆದೇಶದಲ್ಲಿ ಪಟ್ಟಿ ಮಾಡಿದ ಪ್ರವೇಶದ್ವಾರಗಳಿಂದ ಮಾತ್ರ. ಬಂದರು ಆರಿಸುವ ಮೊದಲು ಇದನ್ನು ಬ್ರೋಕರ್ ಖಾತ್ರಿಪಡಿಸಬೇಕು.

ಬಂದರು ಯಾವುದು

ನಮ್ಮ ಮೂರು ಜಿಲ್ಲೆಗೆ ಎರಡು ದಾರಿ ಹತ್ತಿರ. ಸೊಲ್ಲಾಪುರ, ಪುಣೆ ಮೇಲಿಂದ ಕಲಬುರಗಿಗೆ ಸುಮಾರು 500 ಕಿ.ಮೀ. ದೂರದ ನವಾ ಶೇವಾ ಒಂದು. ಹೈದರಾಬಾದಿನ ಸನತ್‌ನಗರದ ಒಣ ಬಂದರು (ಸಮುದ್ರದಿಂದ ದೂರದ ಒಳನಾಡಿನ ಕಂಟೇನರ್ ಕಸ್ಟಮ್ಸ್ ಠಾಣೆ) ಇನ್ನೊಂದು, ಅಲ್ಲಿಂದ ಕಲಬುರಗಿ ಸುಮಾರು 220 ಕಿ.ಮೀ., ಬೀದರ್ ಇನ್ನೂ ಹತ್ತಿರ. ಚೀಲದ ಕಾಳಿಗೆ ನವಾ ಶೇವಾದಲ್ಲೇ ಬಿಡಿಸಿ ಲಾರಿಗೆ ಹಾಕುವುದು ಸರಳ ಎಂಬುದು ನಮ್ಮ ಅಭಿಪ್ರಾಯ. ಯಂತ್ರಕ್ಕೆ, ಬೀದರಿನ ಕೊಳಾರ ಮತ್ತು ಹುಮನಾಬಾದಿನ ಔಷಧ ಘಟಕಗಳ ಕಚ್ಚಾವಸ್ತುವಿಗೆ, ಯಾದಗಿರಿಯ ಕಡೇಚೂರಿಗೆ ಹೈದರಾಬಾದ್ ದಾರಿ ಅನುಕೂಲ. ಬ್ರೋಕರ್ ಕೆಲವೇ ತಾಸಿನ ದಾರಿಯಲ್ಲಿದ್ದರೆ ತಪಾಸಣೆಯ ದಿನ ನಿಮ್ಮ ಮನುಷ್ಯ ಹೋಗಿ ನಿಲ್ಲಬಹುದು. ಒಣ ಬಂದರಿಗೆ ಹೋಗಬೇಕಾದರೆ ಬಿಎಲ್‌ನ ತಲುಪಿಸುವ ಸ್ಥಳದ ಕಾಲಂನಲ್ಲಿ ಅದರ ಹೆಸರೇ ಇರಬೇಕು. ಅಲ್ಲಿ ಬರೀ ನವಾ ಶೇವಾ ಎಂದಿದ್ದರೆ ಹಡಗು ಕಂಪನಿಯ ಮ್ಯಾನಿಫೆಸ್ಟ್ (ಸರಕಿನ ಪಟ್ಟಿ) ತಿದ್ದಿಸಬೇಕಾಗುತ್ತದೆ.

ಕರಡು ಕಾಗದಗಳನ್ನು ಓದುವುದು

ಸರಕು ತುಂಬುವ ಮೊದಲು ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಎಲ್, ಪ್ರಮಾಣಪತ್ರಗಳ ಕರಡನ್ನು ಮಾರುವವರಿಂದ ತರಿಸಿ ಬ್ರೋಕರ್‌ಗೆ ಕಳಿಸಿ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಹಣ ಉಳಿಸುವ ಅರ್ಧ ಗಂಟೆ ಇದು. ನಾಲ್ಕೂ ಕಾಗದದಲ್ಲಿ ಆಮದುದಾರನ ಹೆಸರು ಐಇಸಿಯಲ್ಲಿ ಇದ್ದಂತೆಯೇ ಇರಬೇಕು. ಮಿಲ್ಲಿನ ಹೆಸರಿನಲ್ಲಿ ಒಂದು, ಮಾಲೀಕರ ಹೆಸರಿನಲ್ಲಿ ಇನ್ನೊಂದು ಕಾಗದ ಬಂದರೆ ಡೆಲಿವರಿ ಆರ್ಡರ್, ಅಂದರೆ ಮಾಲು ಕೊಡಲು ಹಡಗು ಕಂಪನಿಯ ಒಪ್ಪಿಗೆ ಚೀಟಿ, ನಿಲ್ಲುತ್ತದೆ. ಚೀಲದ ಎಣಿಕೆ ಕೂಡಿ ನೋಡಿ: 20 ಅಡಿ ಕಂಟೇನರಿನಲ್ಲಿ 24 ಟನ್ ಎಂದರೆ 50 ಕಿಲೋದ 480 ಚೀಲ. ಬಿಎಲ್‌ನಲ್ಲಿ 480, ಸಸ್ಯಾರೋಗ್ಯ ಪ್ರಮಾಣಪತ್ರದಲ್ಲಿ 478 ಇದ್ದರೆ ಎರಡು ಚೀಲಕ್ಕಾಗಿ ಎರಡು ದಿನ ಹೋಗುತ್ತವೆ. ಒಟ್ಟು ತೂಕ, ನಿವ್ವಳ ತೂಕ ಅದಲು ಬದಲಾಗಿಲ್ಲ ತಾನೇ? ಕಂಟೇನರ್ ಸಂಖ್ಯೆ, ಸೀಲ್ ಸಂಖ್ಯೆ ಒಂದೇ ಇವೆಯೇ? ಸಸ್ಯಾರೋಗ್ಯ ಪ್ರಮಾಣಪತ್ರದ ದಿನಾಂಕ ಹಡಗು ಹೊರಟ ಮೇಲಿನದಾದರೆ ಪ್ರಶ್ನೆ ಖಂಡಿತ.

ಚೀಲದ ಗಾತ್ರಕ್ಕೂ ಅರ್ಥವಿದೆ. 25 ಕಿಲೋ ಒಳಗಿನ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೇಳೆಕಾಳಿಗೆ ಜಿಎಸ್‌ಟಿ ಇದೆ, 50 ಕಿಲೋ ಚೀಲಕ್ಕಿಲ್ಲ. ಮಾರುವವರು "ಚಂದ ಕಾಣಲಿ" ಎಂದು ಸಣ್ಣ ಪ್ಯಾಕ್ ಮಾಡಿದರೆ ಬಂದರಿನಲ್ಲಿ ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಜಿಎಸ್‌ಟಿ) ಕಟ್ಟುವವರು ನೀವು.

ಯಂತ್ರ ತರಿಸುವವರು ಮರದ ಪೆಟ್ಟಿಗೆಯ ಮೇಲೆ ಐಎಸ್‌ಪಿಎಂ 15 ಮುದ್ರೆ ಇದೆಯೇ ಎಂದು ಫೋಟೋ ತರಿಸಿ ನೋಡಲಿ. ಮರವನ್ನು ಕಾಯಿಸಿ ಅಥವಾ ಧೂಮೀಕರಿಸಿ ಕೀಟ ಸಾಯಿಸಿದ ಗುರುತು ಅದು. ಅದಿಲ್ಲದ ಪೆಟ್ಟಿಗೆ ಕ್ವಾರಂಟೈನ್ ಕೈಗೆ ಹೋಗುತ್ತದೆ. ಹಳೆಯ ಯಂತ್ರವಾದರೆ ಚಾರ್ಟರ್ಡ್ ಎಂಜಿನಿಯರ್ ಪ್ರಮಾಣಪತ್ರವೂ ಬೇಕು.

ಲೆಕ್ಕ

ದಾಲ್ ಮಿಲ್ಲಿನ ಕಲರ್ ಸಾರ್ಟರ್ ತೆಗೆದುಕೊಳ್ಳಿ. ಶೀರ್ಷಿಕೆ 8437 10 00, ಕಾಳು ಸ್ವಚ್ಛ ಮಾಡಿ ವಿಂಗಡಿಸುವ ಯಂತ್ರ. ಒಳಗೆ ಕ್ಯಾಮರಾ ಇದೆ ಎಂದು ಅದು ಕ್ಯಾಮರಾ ಆಗುವುದಿಲ್ಲ. ಅದೇ ಕಂಟೇನರಿನಲ್ಲಿ ಕಂಪ್ರೆಸರ್ ಬಂದರೆ ಅದಕ್ಕೆ 8414ರ ಅಡಿ ತನ್ನದೇ ಸಾಲು ಬೇಕು, ಇನ್‌ವಾಯ್ಸ್‌ನಲ್ಲಿ ಬೆಲೆ ಬೇರೆಯಾಗಿ ತೋರಿಸಿರಬೇಕು.

ಸುಂಕ ಬೀಳುವುದು ಸರಕಿನ ಬೆಲೆ, ಹಡಗು ಬಾಡಿಗೆ, ವಿಮೆ ಮೂರೂ ಕೂಡಿದ ಮೌಲ್ಯದ ಮೇಲೆ. ಅದು 40,00,000 ರೂಪಾಯಿ ಎನ್ನಿ. ಉದಾಹರಣೆಗೆ ಮೂಲ ಸುಂಕ 7.5 ಪ್ರತಿಶತ ಹಿಡಿದರೆ 3,00,000. ಅದರ ಮೇಲೆ ಸಮಾಜ ಕಲ್ಯಾಣ ಮೇಲ್ತೆರಿಗೆ 10 ಪ್ರತಿಶತ, 30,000. ಇದು ಮೂಲ ಸುಂಕದ ಮೇಲಿನ ಹತ್ತು ಪ್ರತಿಶತ, ಮೌಲ್ಯದ ಮೇಲಲ್ಲ. ಮೂರೂ ಕೂಡಿದ 43,30,000ದ ಮೇಲೆ ಐಜಿಎಸ್‌ಟಿ 18 ಪ್ರತಿಶತ ಹಿಡಿದರೆ 7,79,400. ಒಟ್ಟು 11,09,400. ಇದರಲ್ಲಿ ಐಜಿಎಸ್‌ಟಿಗೆ ಹೂಡುವಳಿ ತೆರಿಗೆ ಕ್ರೆಡಿಟ್ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಅರ್ಹತೆಯಿದ್ದರೆ ತಿರುಗಿ ಸಿಗುತ್ತದೆ. ಹಾಗೆ ಸಿಗದ 3,30,000 ಯಂತ್ರದ ಬೆಲೆಗೆ ಸೇರುತ್ತದೆ. ಮಿಲ್ಲಿನ ಮಾರಾಟ ಬಹುಪಾಲು ತೆರಿಗೆ ಇಲ್ಲದ ಬೇಳೆಯಾದರೆ ಕ್ರೆಡಿಟ್ ಪೂರ್ತಿ ಸಿಗದು, ಆಡಿಟರ್‌ರನ್ನು ಮೊದಲೇ ಕೇಳಿ.

ಬಾಡಿಗೆಯ ಕಾಗದ ಇಲ್ಲದಿದ್ದರೆ ಏನಾಗುತ್ತದೆ ಗೊತ್ತೇ? ಎಫ್‌ಒಬಿ, ಅಂದರೆ ಹಡಗು ಬಾಡಿಗೆ ಮತ್ತು ವಿಮೆ ಸೇರದ ಬೆಲೆ ತೋರಿಸಿ ಹಡಗು ಬಾಡಿಗೆಯ ಪುರಾವೆ ಕೊಡದಿದ್ದರೆ ನಿಯಮದ ಪ್ರಕಾರ ಎಫ್‌ಒಬಿಯ 20 ಪ್ರತಿಶತ ಬಾಡಿಗೆ, 1.125 ಪ್ರತಿಶತ ವಿಮೆ ಎಂದು ಕೂಡಿಸುತ್ತಾರೆ. 36 ಲಕ್ಷದ ಯಂತ್ರಕ್ಕೆ 7,20,000 ಬಾಡಿಗೆ! ನಿಜ ಬಾಡಿಗೆ ಅದರ ಕಾಲು ಭಾಗವೂ ಇರಲಿಕ್ಕಿಲ್ಲ. ಫಾರ್ವರ್ಡರ್‌ನ ಬಾಡಿಗೆ ಬಿಲ್, ವಿಮೆ ಪತ್ರ ಎರಡನ್ನೂ ಇನ್‌ವಾಯ್ಸ್ ಜೊತೆಗೇ ಬ್ರೋಕರ್‌ಗೆ ಕೊಡಿ.

ಚೆಕ್‌ಲಿಸ್ಟ್‌ಗೆ ಕಣ್ಣುಮುಚ್ಚಿ ಓಕೆ ಅನ್ನಬೇಡಿ

ಬಿಲ್ ಆಫ್ ಎಂಟ್ರಿ ಸಲ್ಲಿಸುವ ಮೊದಲು ಬ್ರೋಕರ್ ಅದರ ಕರಡನ್ನು ಕಳಿಸುತ್ತಾರೆ, ಅದಕ್ಕೆ ಚೆಕ್‌ಲಿಸ್ಟ್ ಅನ್ನುತ್ತಾರೆ. ವಾಟ್ಸಾಪ್‌ನಲ್ಲಿ ಬರುತ್ತದೆ, ವಾಟ್ಸಾಪ್‌ನಲ್ಲೇ "ಓಕೆ" ಹೋಗುತ್ತದೆ. ಮುದ್ರಿಸಿ, ಪೆನ್ನು ಹಿಡಿದು ಓದಿ. ಜಿಎಸ್‌ಟಿ ಸಂಖ್ಯೆ ಕರ್ನಾಟಕದ 29ರಿಂದ ಶುರುವಾಗಿದೆಯೇ? ಬೀದರಿನ ಎಷ್ಟೋ ಘಟಕಗಳ ಮುಖ್ಯ ಕಚೇರಿ ಹೈದರಾಬಾದಿನಲ್ಲಿದೆ, ಬ್ರೋಕರ್ ರೂಢಿಯಂತೆ 36ರ ತೆಲಂಗಾಣ ಸಂಖ್ಯೆ ಹಾಕಿಬಿಟ್ಟರೆ ಐಜಿಎಸ್‌ಟಿ ಕ್ರೆಡಿಟ್ ಅಲ್ಲಿಗೆ ಹೋಗಿ ಕೂರುತ್ತದೆ. ಆಮೇಲೆ 149ನೇ ಕಲಂ ಅಡಿ ತಿದ್ದುಪಡಿ ಅರ್ಜಿ ಹಿಡಿದು ತಿರುಗಬೇಕು. ಇನ್‌ವಾಯ್ಸ್ ಕರೆನ್ಸಿ, ದರದ ಷರತ್ತು ಎಫ್‌ಒಬಿಯೋ ಬಾಡಿಗೆ-ವಿಮೆ ಸೇರಿದ ಸಿಐಎಫೋ, ಬಿಎಲ್ ಸಂಖ್ಯೆ ಮತ್ತು ದಿನಾಂಕ, ಚೀಲದ ಎಣಿಕೆ, ಮೂಲ ದೇಶ ನೋಡಿ. ವಿನಾಯಿತಿ ಕೇಳಿದ್ದರೆ ಅಧಿಸೂಚನೆಯ ಸಂಖ್ಯೆಯ ಜೊತೆಗೆ ಅದರೊಳಗಿನ ಕ್ರಮಸಂಖ್ಯೆಯೂ ಸರಿಯಿರಬೇಕು. ಕ್ರಮಸಂಖ್ಯೆ ತಪ್ಪಿದರೆ ಗಣಕ ಪೂರ್ತಿ ಸುಂಕ ಹಾಕುತ್ತದೆ.

ದೇಶಗಳ ನಡುವಿನ ವ್ಯಾಪಾರ ಒಪ್ಪಂದದ ರಿಯಾಯಿತಿ ಬಗ್ಗೆ ನಮ್ಮ ಸಲಹೆ ನೇರ. ಎಲ್ಲರಿಗೂ ಅನ್ವಯಿಸುವ ಅಧಿಸೂಚನೆಯಲ್ಲೇ ಸುಂಕ ಸೊನ್ನೆಯಿದ್ದಾಗ ಆಸಿಯಾನ್ ಅಥವಾ ಹಿಂದುಳಿದ ದೇಶಗಳ ರಿಯಾಯಿತಿ ಕೇಳಬೇಡಿ. ಕೇಳಿದ ಕೂಡಲೇ 2020ರ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿರುವ ಕ್ಯಾರೋಟಾರ್ ನಿಯಮಗಳು ಹೆಗಲೇರುತ್ತವೆ. ಸರಕು ಆ ದೇಶದ್ದೇ ಎಂದು ತೋರಿಸುವ ಮಾಹಿತಿಯನ್ನು ನೀವೇ ಸಂಗ್ರಹಿಸಿ ಐದು ವರ್ಷ ಕಾಯ್ದಿಡಬೇಕು.

ಸಲ್ಲಿಸುವ ಗಡುವು: ಹಡಗು ಬರುವ ದಿನದ ಹಿಂದಿನ ದಿನ ಮುಗಿಯುವುದರೊಳಗೆ, ರಜೆ ಇದ್ದರೂ. ಮ್ಯಾನ್ಮಾರ್‌ನಂಥ ನೆರೆ ದೇಶದಿಂದ ರವಾನೆಯಾದ ಸರಕಿಗೆ ಬಂದ ದಿನ ಮುಗಿಯುವವರೆಗೆ. ತಪ್ಪಿದರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000. 30 ದಿನ ಮೊದಲೇ ಸಲ್ಲಿಸಲು ಅವಕಾಶವಿರುವಾಗ ಈ ದಂಡಕ್ಕೆ ನೆಪವಿಲ್ಲ. ಕಾಗದಗಳ ಸ್ಕ್ಯಾನ್ ಪ್ರತಿಗಳು ಕಸ್ಟಮ್ಸ್‌ನ ಆನ್‌ಲೈನ್ ಕಡತ ವ್ಯವಸ್ಥೆಯಾದ ಇ-ಸಂಚಿತ್‌ಗೆ ಏರುತ್ತವೆ. ಮಸುಕಾದ ಫೋಟೋ ಕಳಿಸಿದರೆ ಓದಲಾಗದೆಂಬ ಪ್ರಶ್ನೆ ಬರುತ್ತದೆ.

ಪ್ರಶ್ನೆ, ತಪಾಸಣೆ, ಸುಂಕ

2020ರ ಅಕ್ಟೋಬರ್ ಅಂತ್ಯದಿಂದ ದೇಶದೆಲ್ಲೆಡೆ ಮುಖರಹಿತ ಮೌಲ್ಯಮಾಪನ ಬಂದಿದೆ. ನವಾ ಶೇವಾದಲ್ಲಿ ಸಲ್ಲಿಸಿದ್ದನ್ನು ಇನ್ನೊಂದು ಊರಿನ ಅಧಿಕಾರಿ ನೋಡಬಹುದು. ಅವರಿಗೆ ನಿಮ್ಮ ಮಿಲ್ಲು ಗೊತ್ತಿಲ್ಲ, ಬ್ರೋಕರ್ ಮುಖ ಗೊತ್ತಿಲ್ಲ, ಕಾಗದ ಮಾತ್ರ ಕಾಣುತ್ತದೆ. ಅಪಾಯ ಅಳೆಯುವ ಗಣಕ ಕೆಲವನ್ನು ಸುಮ್ಮನೆ ಬಿಡುತ್ತದೆ, ಕೆಲವನ್ನು ಮೌಲ್ಯಮಾಪನಕ್ಕೆ, ಕೆಲವನ್ನು ತಪಾಸಣೆಗೆ ಕಳಿಸುತ್ತದೆ. ಸಾಮಾನ್ಯ ಪ್ರಶ್ನೆ ಬೆಲೆಯದು: ಇದೇ ಸರಕು ಈಚೆಗೆ ಹೆಚ್ಚು ಬೆಲೆಗೆ ಬಂದಿದೆ, ನಿಮ್ಮದು ಏಕೆ ಕಡಿಮೆ? "ನಮಗೆ ಅದೇ ಬೆಲೆಗೆ ಸಿಕ್ಕಿತು" ಎಂಬುದು ಉತ್ತರವಲ್ಲ. ಒಪ್ಪಂದದ ದಿನಾಂಕ, ಅಂದಿನ ಮಾರುಕಟ್ಟೆ ದರ, ಕಾಳಿನ ದರ್ಜೆ, ಬ್ಯಾಂಕಿನಿಂದ ಹಣ ಕಳಿಸಿದ ಪುರಾವೆ ಇವು ಉತ್ತರ. ಒಪ್ಪಂದವಾದ ದಿನವೇ ಇವನ್ನು ಒಂದು ಕಡತದಲ್ಲಿ ಹಾಕಿಟ್ಟರೆ ಪ್ರಶ್ನೆ ಬಂದ ದಿನವೇ ಉತ್ತರ ಹೋಗುತ್ತದೆ. ಅಧಿಕಾರಿ ಒಪ್ಪದೆ ಮರುಮೌಲ್ಯಮಾಪನ ಮಾಡಿದರೆ, ನೀವು ಬರಹದಲ್ಲಿ ಒಪ್ಪಿಕೊಂಡಿರದಿದ್ದಲ್ಲಿ, 15 ದಿನದೊಳಗೆ ಕಾರಣ ಸಹಿತ ಆದೇಶ ಕೊಡಬೇಕು, ಅದರ ಮೇಲೆ 60 ದಿನದೊಳಗೆ ಮೇಲ್ಮನವಿ ಹಾಕಬಹುದು. ಮಾಲು ಬೇಗ ಬರಲೆಂದು "ಒಪ್ಪಿದ್ದೇವೆ" ಎಂದು ಬ್ರೋಕರ್ ಬರೆದುಬಿಟ್ಟರೆ ಆ ಹಕ್ಕು ಸೊರಗುತ್ತದೆ. ನಿಮ್ಮನ್ನು ಕೇಳದೆ ಹಾಗೆ ಬರೆಯಕೂಡದೆಂದು ಮೊದಲೇ ತಿಳಿಸಿ.

ಸುಂಕವನ್ನು ಬ್ರೋಕರ್ ಖಾತೆಗೆ ಹಾಕಬೇಡಿ. ಕಸ್ಟಮ್ಸ್ ಪೋರ್ಟಲ್ ಐಸ್‌ಗೇಟ್‌ನಲ್ಲಿ ನಿಮ್ಮದೇ ಬ್ಯಾಂಕಿನಿಂದ ನೀವೇ ಕಟ್ಟಿ. ತಡವಾದರೆ ವರ್ಷಕ್ಕೆ 15 ಪ್ರತಿಶತ ಬಡ್ಡಿ. ಸುಂಕ ಕಟ್ಟಿ, ತಪಾಸಣೆ ಇದ್ದರೆ ಮುಗಿದು, ಕ್ವಾರಂಟೈನ್ ಮತ್ತು ಎಫ್‌ಎಸ್‌ಎಸ್‌ಎಐ ಒಪ್ಪಿಗೆ ಬಂದ ಮೇಲೆ ಔಟ್ ಆಫ್ ಚಾರ್ಜ್, ಅಂದರೆ ಮಾಲು ಬಿಡುಗಡೆಯ ಆದೇಶ, ಸಿಗುತ್ತದೆ. ಅಲ್ಲಿಯವರೆಗೆ ಮಾಲು ಕಸ್ಟಮ್ಸ್ ವಶ.

ಔಷಧ ರಾಸಾಯನಿಕಕ್ಕೆ ಹೆಸರೇ ತೊಡಕು. ಔಷಧ ತಯಾರಿಕೆಯ ನಡುಹಂತದ ರಾಸಾಯನಿಕವಾದ ಇಂಟರ್‌ಮೀಡಿಯೆಟ್ ಒಂದು, ಔಷಧದ ಸಕ್ರಿಯ ವಸ್ತುವೇ ಆದ ಬಲ್ಕ್ ಡ್ರಗ್ ಇನ್ನೊಂದು. ಎರಡನೆಯದಕ್ಕೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒದ ನೋಂದಣಿ ಮತ್ತು ಫಾರ್ಮ್ 10 ಲೈಸೆನ್ಸ್ ಬೇಕು, ಬಂದರಿನ ಔಷಧ ನಿಯಂತ್ರಣಾಧಿಕಾರಿ ನೋಡುತ್ತಾರೆ. ಇನ್‌ವಾಯ್ಸ್‌ನಲ್ಲಿ ವ್ಯಾಪಾರಿ ಹೆಸರು ಮಾತ್ರ ಇದ್ದರೆ ಯಾವುದೆಂದು ತಿಳಿಯದೆ ಕಡತ ನಿಲ್ಲುತ್ತದೆ. ಪೂರ್ಣ ರಾಸಾಯನಿಕ ಹೆಸರು, ಸಿಎಎಸ್ (ರಾಸಾಯನಿಕ ಗುರುತಿನ) ಸಂಖ್ಯೆ, ವಿಶ್ಲೇಷಣಾ ವರದಿ, ಸುರಕ್ಷತಾ ಪತ್ರ, ಯಾವ ಉತ್ಪನ್ನಕ್ಕೆ ಬಳಸುತ್ತೀರೆಂಬ ಪತ್ರ ಕೊಡಿ. ರಫ್ತಿಗಾಗಿ ಕಚ್ಚಾವಸ್ತು ತರುವ ಅಡ್ವಾನ್ಸ್ ಆಥರೈಸೇಶನ್ ಎಂಬ ಅನುಮತಿಯ ಮೇಲೆ ಸುಂಕವಿಲ್ಲದೆ ತರುವವರು ಬಾಂಡ್ ಕೆಲಸವನ್ನು ಹಡಗು ಬರುವ ಮೊದಲೇ ಮುಗಿಸಿಕೊಳ್ಳಬೇಕು.

ದಿನಬಾಡಿಗೆ ಎರಡು ಬಗೆ

ಬಂದರು ಅಥವಾ ಸಿಎಫ್‌ಎಸ್ (ಬಂದರಿನ ಬಳಿಯ ಕಂಟೇನರ್ ಗೋದಾಮು) ತನ್ನ ಜಾಗಕ್ಕೆ ಕೇಳುವುದು ಒಂದು, ಹಡಗು ಕಂಪನಿ ತನ್ನ ಕಂಟೇನರ್ ಡಬ್ಬಿಗೆ ಕೇಳುವುದು ಇನ್ನೊಂದು. ಎರಡೂ ಒಟ್ಟೊಟ್ಟಿಗೆ ಓಡುತ್ತವೆ, ದಿನ ಕಳೆದಂತೆ ದರವೂ ಏರುತ್ತದೆ. ಪುಕ್ಕಟೆ ದಿನಗಳು ಚೌಕಾಸಿಯ ವಿಷಯ. ಬುಕಿಂಗ್ ಸಮಯದಲ್ಲೇ 14 ದಿನ ಕೇಳಿ, ಬಿಎಲ್ ಮೇಲೆ ಅಥವಾ ಮಿಂಚಂಚೆಯಲ್ಲಿ ಬರೆಸಿಕೊಳ್ಳಿ. ಕಂಟೇನರನ್ನು ಕಲಬುರಗಿಯವರೆಗೆ ತಂದರೆ ಖಾಲಿ ಡಬ್ಬಿಯನ್ನು ಮತ್ತೆ 500 ಕಿ.ಮೀ. ಒಯ್ದು ಒಪ್ಪಿಸಬೇಕು. ಚೀಲದ ಕಾಳಾದರೆ ಸಿಎಫ್‌ಎಸ್‌ನಲ್ಲೇ ಇಳಿಸಿ ಲಾರಿಗೆ ಹಾಕಿಸುವುದು ಅಗ್ಗ, ಆದರೆ ಹಮಾಲರು ಕೊಕ್ಕೆ ಹಾಕಿ ಹರಿದ ಚೀಲ, ಎಣಿಕೆಯ ವ್ಯತ್ಯಾಸ ಎರಡೂ ಅಲ್ಲೇ ಹುಟ್ಟುತ್ತವೆ. ಬಾಗಿಲು ತೆರೆದಾಗ ಸೀಲ್ ಫೋಟೋ, ಒಳಗಿನ ತೇವದ ಕಲೆಗಳ ಫೋಟೋ, ಚೀಲ ಎಣಿಸಿದ ಟ್ಯಾಲಿ ಚೀಟಿಯ ಪ್ರತಿ ಕಳಿಸಲು ಬ್ರೋಕರ್‌ನ ಹುಡುಗನಿಗೆ ಹೇಳಿ. ವಿಮೆ ಬಂದರಿನವರೆಗೆ ಮಾತ್ರವೋ ಮಿಲ್ಲಿನವರೆಗೋ ಎಂಬುದೂ ಆಗ ಉಪಯೋಗಕ್ಕೆ ಬರುತ್ತದೆ. ಯಂತ್ರವಾದರೆ ಖರ್ಚಾದರೂ ಡಬ್ಬಿಯೊಂದಿಗೇ ತನ್ನಿ, ಕ್ರೇನಿನಿಂದ ಎರಡು ಸಲ ಎತ್ತಿಳಿಸಿದ ಕಲರ್ ಸಾರ್ಟರ್ ಸರಿಯಾಗಿ ಹೊಂದುವುದು ಕಷ್ಟ.

ಬ್ರೋಕರ್ ಬಿಲ್ ಬಂದಾಗ ಎರಡು ಭಾಗ ಮಾಡಿ ನೋಡಿ: ಅವರ ಏಜೆನ್ಸಿ ಶುಲ್ಕ, ಮತ್ತು ನಿಮ್ಮ ಪರವಾಗಿ ಕೊಟ್ಟ ಹಣ. ಎರಡನೆಯದರ ಪ್ರತಿ ರೂಪಾಯಿಗೂ ಮೂಲ ರಸೀದಿ ಬೇಕು. ಸಿಎಫ್‌ಎಸ್ ಮತ್ತು ಹಡಗು ಕಂಪನಿಯ ಬಿಲ್ಲುಗಳನ್ನು ನಿಮ್ಮ ಜಿಎಸ್‌ಟಿ ಸಂಖ್ಯೆಗೇ ಮಾಡಿಸಬೇಕು. ರಸೀದಿ ಇಲ್ಲದ "ಇತರೆ ಖರ್ಚು" ಎಂಬ ಸಾಲನ್ನು ಮೊದಲ ಬಿಲ್ಲಿನಲ್ಲೇ ಪ್ರಶ್ನಿಸಿ.

ಮಾಲು ಮಿಲ್ಲಿಗೆ ಬಂದ ಮೇಲೆ

ಬಿಲ್ ಆಫ್ ಎಂಟ್ರಿ ಪ್ರತಿಯನ್ನು ಬ್ಯಾಂಕಿಗೆ ಕೊಟ್ಟು, ಕಳಿಸಿದ ಹಣಕ್ಕೆ ಹೊಂದಿಸಲು ಹೇಳಿ. ಹೊಂದದೆ ಉಳಿದ ನಮೂದು ಮುಂದಿನ ಪಾವತಿಗೆ ಅಡ್ಡ ಬರುತ್ತದೆ. ಬೇಳೆಕಾಳಿನ ದಾಸ್ತಾನನ್ನು ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆಯ ಪೋರ್ಟಲ್‌ನಲ್ಲಿ ಘೋಷಿಸುವ ಆದೇಶ ಜಾರಿಯಲ್ಲಿದ್ದರೆ ಅದನ್ನೂ ಮಾಡಿ. ಎಲ್ಲ ಕಾಗದಗಳ ಪ್ರತಿಯನ್ನು ಬ್ರೋಕರ್ ಮೇಲೆ ಬಿಡದೆ ನಿಮ್ಮ ಕಚೇರಿಯಲ್ಲೂ ಐದು ವರ್ಷ ಇಡಿ. ಆಮದಾದ ತೊಗರಿಯ ಥಪ್ಪಿಯನ್ನು ಸ್ಥಳೀಯ ತೊಗರಿಯಿಂದ ಬೇರೆ ಹಾಕಿ, ಪ್ರತಿ ಥಪ್ಪಿಗೂ ಬಿಲ್ ಆಫ್ ಎಂಟ್ರಿ ಸಂಖ್ಯೆ ಬರೆದ ಚೀಟಿ ಕಟ್ಟಿ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಮೊಜಾಂಬಿಕ್ ಕಾಳಿನ ಬೇಳೆ ಆ ಹೆಸರಿನ ಚೀಲದೊಳಗೆ ಹೋಗಕೂಡದು.